‘ನಡೀತದ ಬಿಡ್ರಿ’ ಅನ್ನುವ ಅಂಗಡಿಕಾರ: ಏರ್ ರೈಫಲ್ ಬಿಡಿಭಾಗ ಕೊಳ್ಳುವ ಮೊದಲು

(ಹುಬ್ಬಳ್ಳಿಯಲ್ಲಿ ಶೂಟಿಂಗ್ ಕಲಿಯುವವರು ಮತ್ತು ಅವರ ಪಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಅರ್ಧ ಮಂದಿ ಹತ್ತು ಮೀಟರ್ ಏರ್ ರೈಫಲ್, ಅಂದರೆ ಸ್ಪರ್ಧೆಯ ಗಾಳಿ ಬಂದೂಕು, ಹಿಡಿಯುವ ಮಕ್ಕಳು, ಉಳಿದರ್ಧ ಅದರ ಖರ್ಚು ಹೊರುವ ಅಪ್ಪ-ಅವ್ವಂದಿರು. ಇವತ್ತಿನ ಮಾತು ಹೆಚ್ಚಾಗಿ ಎರಡನೆಯವರಿಗೆ. ಹಿಂದಿನ ಸಾಲಿನಲ್ಲಿ ಕಲಘಟಗಿ, ಹಾನಗಲ್ ಕಡೆಯಿಂದ ಬಂದ ಲೈಸೆನ್ಸ್ ಬಂದೂಕಿನ ರೈತರೂ ಇದ್ದಾರೆ. ಅವರ ವಿಷಯವೂ ಇದೆ, ಆದರೆ ಕೊನೆಯ ಭಾಗದಲ್ಲಿ.

ಹುಬ್ಬಳ್ಳಿಯಲ್ಲಿ ಟ್ರ್ಯಾಕ್ಟರಿನ ಯಾವ ಭಾಗ ಬೇಕೆಂದರೂ ಮಧ್ಯಾಹ್ನದೊಳಗೆ ಸಿಗುತ್ತದೆ. ತಪ್ಪು ಮಾಲು ಬಂದರೆ ಸಂಜೆಯೇ ಹೋಗಿ ಬದಲಿಸಿಕೊಂಡು ಬರಬಹುದು. ಅಂಗಡಿಕಾರ ನಮ್ಮ ಮುಖ ಬಲ್ಲ, ನಾವು ಅವನ ಮನೆ ಬಲ್ಲೆವು. ಏರ್ ರೈಫಲ್ ಭಾಗದ ವ್ಯವಹಾರದಲ್ಲಿ ಈ ಅನುಕೂಲ ಒಂದೂ ಇಲ್ಲ. ಮಾಲು ಪುಣೆ, ದೆಹಲಿ, ಬೆಂಗಳೂರಿನಿಂದ ಪಾರ್ಸೆಲ್ ಆಗಿ ಬರುತ್ತದೆ. ಅಲ್ಲಿಗಾದರೂ ಬಂದದ್ದು ಎಲ್ಲಿಂದ? ವಾಲ್ಥರ್, ಆನ್‌ಶುಟ್ಸ್ ಕಂಪನಿಗಳದ್ದಾದರೆ ಜರ್ಮನಿಯ ಉಲ್ಮ್ ನಗರದಿಂದ, ಫೈನ್‌ವೆರ್ಕ್‌ಬೌ ಆದರೆ ಓಬರ್ನ್‌ಡಾರ್ಫ್‌ನಿಂದ. ನಡುವೆ ಎಷ್ಟು ಕೈ ಬದಲಾಗಿದೆ ಎಂಬುದು ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಅದಕ್ಕೇ ಮಾರುವವನ ಮುಖ ನೋಡುವ ಬದಲು ಅವನು ಕೊಡುವ ಕಾಗದ ಮತ್ತು ಅಳತೆಗಳನ್ನು ನೋಡಬೇಕು. ದುಡ್ಡು ಹಾಕುವ ಮೊದಲು ಸರಣಿ ಸಂಖ್ಯೆ, ತಯಾರಿಕೆಯ ತಿಂಗಳು, ಬ್ಯಾಚ್ ಸಂಖ್ಯೆ ಇವುಗಳ ಫೋಟೊ ಕೇಳಿ. ಕೊಟ್ಟರೆ ಮಾತು ಮುಂದುವರಿಸಿ. ‘ಎಲ್ಲಾ ಒಂದ ರೀ, ನಡೀತದ ಬಿಡ್ರಿ’ ಅಂದರೆ ಫೋನ್ ಇಟ್ಟುಬಿಡಿ.

ಮೊದಲು ಕಾನೂನು. ಬೇಸರದ ವಿಷಯ, ಆದರೂ ಎರಡು ನಿಮಿಷ ಕೇಳಿ. 1959ರ ಆಯುಧ ಕಾಯ್ದೆಯಲ್ಲಿ ‘ಆಯುಧ’ ಎಂಬ ಮಾತಿನ ವ್ಯಾಖ್ಯೆಯೊಳಗೇ ಅದರ ಬಿಡಿಭಾಗಗಳೂ ಸೇರಿವೆ. ಅಂದರೆ ಲೈಸೆನ್ಸ್ ಬೇಕಾದ ಬಂದೂಕಿನ ಭಾಗವನ್ನು ಬಿಡಿಯಾಗಿ ತರಿಸಿದರೂ ಅದು ಕಾನೂನಿನ ಕಣ್ಣಿನಲ್ಲಿ ಬರೀ ಕಬ್ಬಿಣದ ತುಂಡಲ್ಲ. ಗುಂಡಿನ ಸದ್ದು ಅಡಗಿಸುವ ಸಾಧನವನ್ನು ಅದೇ ಕಾಯ್ದೆ ಬಂದೂಕಿನ ಸಾಲಿಗೇ ಸೇರಿಸಿದೆ. 2016ರ ಆಯುಧ ನಿಯಮಗಳ ಪ್ರಕಾರ ಬೋರ್ (ನಳಿಗೆಯ ಒಳವ್ಯಾಸ) 4.5 ಮಿ.ಮೀ., ಅಂದರೆ .177 ಇಂಚು ಮೀರದ, 20 ಜೂಲ್ ಶಕ್ತಿ ದಾಟದ ಗಾಳಿ ಬಂದೂಕಿಗೆ ಲೈಸೆನ್ಸ್ ಬೇಡ. ಸ್ಪರ್ಧೆಯ ಏರ್ ರೈಫಲ್ ಈ ಗೆರೆಯಿಂದ ಬಹಳ ಒಳಗಿದೆ: 0.53 ಗ್ರಾಂ ಪೆಲೆಟ್ (ಸೀಸದ ಪುಟ್ಟ ಗುಂಡು) ಸೆಕೆಂಡಿಗೆ ಸುಮಾರು 172 ಮೀಟರ್ ವೇಗದಲ್ಲಿ ಹೊರಟರೆ ಶಕ್ತಿ 8 ಜೂಲ್‌ಗಿಂತ ಸ್ವಲ್ಪ ಕಡಿಮೆ.

ಈ ಲೆಕ್ಕ ಯಾಕೆ ಹೇಳಿದೆ ಅಂದರೆ, ‘ಪವರ್ ಸ್ಪ್ರಿಂಗ್ ಹಾಕಿಕೊಡ್ತೀನಿ, ಡಬಲ್ ಹೊಡೀತದ’ ಎಂದು ಮಾರುವವರಿದ್ದಾರೆ. ಹತ್ತು ಮೀಟರ್ ಸ್ಪರ್ಧೆಗೆ ಹೆಚ್ಚಿನ ಶಕ್ತಿಯಿಂದ ಮೂರು ಕಾಸಿನ ಲಾಭವಿಲ್ಲ. ಸೀಲು ಬೇಗ ಹೋಗುತ್ತದೆ, ಬಂದೂಕು ಕೈಯಲ್ಲಿ ಕುಣಿಯುತ್ತದೆ, 20 ಜೂಲ್ ದಾಟಿತೆಂದರೆ ಲೈಸೆನ್ಸ್ ಇಲ್ಲದ ಆಯುಧ ಮನೆಯಲ್ಲಿಟ್ಟುಕೊಂಡ ಹಾಗೆ. ಶಕ್ತಿಯನ್ನೇ ಹೊಗಳಿ ಮಾರುವವನಿಗೆ ಈ ಕ್ರೀಡೆ ಗೊತ್ತಿಲ್ಲ ಎಂದು ಅಲ್ಲಿಗೇ ತೀರ್ಮಾನಿಸಬಹುದು. ಬದಲಿಗೆ, ಮಾರುವಾಗ ನಿಮ್ಮ ಗುರುತಿನ ಚೀಟಿಯ ಪ್ರತಿ ಕೇಳುವವನ ಮೇಲೆ ಸಿಟ್ಟಾಗಬೇಡಿ. ಅವನು ತನ್ನ ದಾಖಲೆ ಸರಿ ಇಟ್ಟುಕೊಳ್ಳುತ್ತಿದ್ದಾನೆ.

ಇನ್ನು ಬಿಲ್ಲು. ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರಗಳಿರುತ್ತವೆ. ಮೊದಲ ಎರಡು ರಾಜ್ಯದ ಸಂಕೇತ: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ಗೋವಾಕ್ಕೆ 30, ದೆಹಲಿಗೆ 07. ಅದರ ಮುಂದಿನ ಹತ್ತು ಪ್ಯಾನ್ ಸಂಖ್ಯೆ. ಪುಣೆಯ ವಿಳಾಸ ಹಾಕಿಕೊಂಡು 07ರಿಂದ ಶುರುವಾಗುವ ಸಂಖ್ಯೆ ಕೊಟ್ಟರೆ ಯಾಕೆಂದು ಕೇಳಿ. ಜಿಎಸ್‌ಟಿ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಸಂಸ್ಥೆಯ ಕಾನೂನುಬದ್ಧ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಂಬುದು ಯಾರಿಗಾದರೂ ಕಾಣುತ್ತದೆ. ದುಡ್ಡು ಹಾಕಲು ಕೊಟ್ಟ ಖಾತೆಯ ಹೆಸರು ಇದಕ್ಕೆ ಹೊಂದಬೇಕು. ‘ನಮ್ಮ ಅಳಿಯನ ನಂಬರಿಗೆ ಹಾಕ್ರಿ’ ಅನ್ನುವ ಮಾತು ಬಂತೆಂದರೆ ಹಾಕಬೇಡಿ.

ಬಿಲ್ಲಿನಲ್ಲಿ ಇನ್ನೊಂದು ಕಣ್ಣು ತಪ್ಪುವ ಕಲಮು ಎಚ್‌ಎಸ್‌ಎನ್ ಸಂಕೇತ, ಅಂದರೆ ಮಾಲು ಯಾವ ಜಾತಿಯದು ಎಂದು ತೆರಿಗೆಗಾಗಿ ತೋರಿಸುವ ಸಂಖ್ಯೆ. ಗಾಳಿ ಬಂದೂಕಿಗೆ 9304, ಬಿಡಿಭಾಗಗಳಿಗೆ 9305, ಪೆಲೆಟ್ಟಿಗೆ 9306. ಇದರ ಜಾಗದಲ್ಲಿ 9503 ಎಂದಿದ್ದರೆ ನಿಮ್ಮ ಮಗನ ರೈಫಲಿನ ಭಾಗವನ್ನು ಆಟಿಕೆ ಎಂದು ತೋರಿಸಿದ್ದಾರೆ ಎಂದರ್ಥ. ಇವತ್ತು ತೆರಿಗೆ ಉಳಿಯಿತು ಅನ್ನಿಸಬಹುದು. ನಾಳೆ ವಾರಂಟಿ ಕೇಳಲು ಹೋದಾಗ, ಅಥವಾ ರೈಲಿನಲ್ಲಿ ಚೀಲ ಬಿಚ್ಚಿ ತೋರಿಸಿ ಅಂದಾಗ, ಆ ಕಾಗದ ಕೆಲಸಕ್ಕೆ ಬರುವುದಿಲ್ಲ.

ಈಗ ವಸ್ತುಗಳಿಗೆ ಬರೋಣ. ಹೆಚ್ಚು ಮೋಸ, ಹೆಚ್ಚು ಅಪಾಯ ಎರಡೂ ಇರುವುದು ಸಿಲಿಂಡರಿನಲ್ಲಿ. ಹಾಗಾಗಿ ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಳಿಗೆಯ ಕೆಳಗೆ ತಿರುಗಿಸಿ ಕೂರಿಸುವ ಆ ಸಿಲಿಂಡರಿನಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡದ ಗಾಳಿ ಇರುತ್ತದೆ. ಕಾರಿನ ಟೈರಿನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ. ಸಿಲಿಂಡರಿನ ಮೈಮೇಲೆ ಕೆಲಸದ ಒತ್ತಡ, ಪರೀಕ್ಷಾ ಒತ್ತಡ, ತಯಾರಿಕೆಯ ತಿಂಗಳು-ವರ್ಷ ಅಚ್ಚಾಗಿರುತ್ತವೆ. ಹೆಚ್ಚಿನ ತಯಾರಕರು ಬಳಕೆಗೆ 10 ವರ್ಷದ ಗಡಿ ಹಾಕಿದ್ದಾರೆ, ಕೆಲವರದು ಬೇರೆ. ಅವಧಿ ಮುಗಿದ ಸಿಲಿಂಡರ್ ಬಳಸದಿರುವ ಹೊಣೆ ಸ್ಪರ್ಧಿಯದೇ ಎಂದು ಅಂತರರಾಷ್ಟ್ರೀಯ ಶೂಟಿಂಗ್ ನಿಯಮದಲ್ಲಿದೆ. ಉಪಕರಣ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಮಾರಿದವನು ಬಂದು ನಿಲ್ಲುವುದಿಲ್ಲ.

ಇಲ್ಲೇ ವ್ಯಾಪಾರದ ಜಾಣತನ ನಡೆಯುವುದು. ಯುರೋಪಿನಲ್ಲಿ ಅವಧಿ ಮುಗಿಯುತ್ತ ಬಂದ ಸಿಲಿಂಡರುಗಳು ಅಗ್ಗಕ್ಕೆ ಸಿಗುತ್ತವೆ. ಒರೆಸಿ, ಹೊಳಪು ಕೊಟ್ಟು, ‘ಹೊಸದರಂತಿದೆ’ ಎಂದು ಮಾರಿದರೆ ಕೊಳ್ಳುವವನಿಗೆ ಬಣ್ಣ ಕಾಣುತ್ತದೆ, ದಿನಾಂಕ ಕಾಣುವುದಿಲ್ಲ. ಎಂಟು ವರ್ಷ ಹಳೆಯ ಸಿಲಿಂಡರನ್ನು ಅರ್ಧ ಬೆಲೆಗೆ ಕೊಂಡರೆ ಲಾಭವೇ? ಹತ್ತರಲ್ಲಿ ಎರಡು ವರ್ಷ ಉಳಿದಿದೆ, ಅಂದರೆ ಐದನೆಯ ಒಂದು ಪಾಲು ಆಯುಷ್ಯಕ್ಕೆ ಅರ್ಧ ದುಡ್ಡು. ಅಚ್ಚಿನ ಮೇಲೆ ಬಣ್ಣ ಬಳಿದಿದ್ದರೆ, ಅಕ್ಷರ ಉಜ್ಜಿದ ಗುರುತಿದ್ದರೆ, ಬೆಲೆ ಎಷ್ಟೇ ಇರಲಿ, ಮುಟ್ಟಬೇಡಿ. ಇನ್ನು ಎಲ್ಲ ಕಂಪನಿಗಳ ಸಿಲಿಂಡರಿನ ಥ್ರೆಡ್ ಒಂದೇ ಅಲ್ಲ. ರೈಫಲಿನ ಕಂಪನಿ, ಮಾದರಿ, ಸರಣಿ ಸಂಖ್ಯೆ ಮೂರನ್ನೂ ಕೇಳದೆ ‘ಕೂಡ್ತದ ಕಳಿಸ್ತೀನಿ’ ಅನ್ನುವವನು ಊಹೆಯ ಮೇಲೆ ಮಾರುತ್ತಿದ್ದಾನೆ. ಕೂಡದ ಥ್ರೆಡ್ಡನ್ನು ಬಲವಂತವಾಗಿ ತಿರುಗಿಸಿದರೆ ಹಾಳಾಗುವುದು ಸಿಲಿಂಡರ್ ಮಾತ್ರ ಅಲ್ಲ, ರೈಫಲಿನ ಬಾಯಿಯೂ ಹೌದು.

ಬಂದ ದಿನವೇ ಸೋರಿಕೆ ಪರೀಕ್ಷೆ ಮಾಡಿ. ನಿಧಾನವಾಗಿ 200 ಬಾರ್ ತುಂಬಿ, ಒಂದು ಗಂಟೆ ಆರಲು ಬಿಡಿ. ತುಂಬುವಾಗ ಗಾಳಿ ಬಿಸಿಯಾಗಿರುತ್ತದೆ, ಆರಿದ ಮೇಲೆ ಒತ್ತಡ ತೋರಿಸುವ ಮುಳ್ಳು ತಾನೇ ಇಳಿಯುತ್ತದೆ. ಆಮೇಲೆ ಒತ್ತಡ, ಕೋಣೆಯ ಉಷ್ಣತೆ ಎರಡನ್ನೂ ಬರೆದಿಟ್ಟು, 24 ಗಂಟೆ ಕಳೆದು ಅದೇ ಹೊತ್ತಿಗೆ ನೋಡಿ. ಅದೇ ಹೊತ್ತಿಗೆ ಯಾಕೆ? ಧಾರವಾಡದ ಚಳಿಗಾಲದಲ್ಲಿ ಮಧ್ಯಾಹ್ನ 30 ಡಿಗ್ರಿ ಇದ್ದದ್ದು ಬೆಳಗಿನ ಜಾವಕ್ಕೆ 20ಕ್ಕೆ ಇಳಿದರೆ 200 ಬಾರ್ ಇದ್ದದ್ದು 193 ತೋರಿಸುತ್ತದೆ. ಅದು ಸೋರಿಕೆಯಲ್ಲ, ಗಾಳಿ ತಣ್ಣಗಾದದ್ದು. ಇದನ್ನು ತಿಳಿಯದೆ ಮಾರಿದವನ ಮೇಲೆ ಜಗಳ ತೆಗೆಯುವವರೂ ಇದ್ದಾರೆ. ಅದೇ ಉಷ್ಣತೆಯಲ್ಲಿ ದಿನಕ್ಕೆ ಐದಾರು ಬಾರ್ ಇಳಿಯುತ್ತಿದ್ದರೆ ಮಾತ್ರ ವಾಪಸ್ ಕಳಿಸುವ ಮಾತು.

ತುಂಬುವುದರ ಬಗ್ಗೆ ಒಂದೇ ಎಚ್ಚರಿಕೆ, ಆದರೆ ಜೀವದ ಪ್ರಶ್ನೆ. ಗ್ಯಾಸ್ ವೆಲ್ಡಿಂಗ್ ಅಂಗಡಿಯ ಅಥವಾ ಆಸ್ಪತ್ರೆಯ ಆಕ್ಸಿಜನ್ನಿನಿಂದ ಯಾವತ್ತೂ ತುಂಬಿಸಬೇಡಿ. ಹೆಚ್ಚಿನ ಒತ್ತಡದ ಆಮ್ಲಜನಕಕ್ಕೆ ಒಂದು ಹನಿ ಎಣ್ಣೆ, ಗ್ರೀಸ್ ತಗುಲಿದರೂ ಸ್ಫೋಟವಾಗುತ್ತದೆ. ‘ಗಾಳಿನ ಅಲ್ಲೇನ್ರಿ’ ಎಂದು ಅಡಾಪ್ಟರ್ ಮಾಡಿಕೊಡಲು ಮುಂದೆ ಬರುವ ಲೇತ್‌ನವನಿಗೆ ಕೈಮುಗಿದು ಬನ್ನಿ. ತುಂಬುವ ದೊಡ್ಡ ಟ್ಯಾಂಕು 2016ರ ಗ್ಯಾಸ್ ಸಿಲಿಂಡರ್ ನಿಯಮಗಳಿಗೆ ಒಳಪಡುತ್ತದೆ, ಅದರ ಮೇಲೆ ಹೈಡ್ರೋ ಟೆಸ್ಟಿನ (ನೀರು ತುಂಬಿ ಒತ್ತಡ ಹಾಕಿ ನೋಡುವ ಪರೀಕ್ಷೆಯ) ದಿನಾಂಕ ಇರಲೇಬೇಕು. ಸಣ್ಣ ವಿದ್ಯುತ್ ಕಂಪ್ರೆಸರ್ ಮಾರುವವನನ್ನು ತೇವ ಹೀರುವ ಫಿಲ್ಟರ್ ಜೊತೆಗೆ ಬರುತ್ತದೆಯೇ, ಅದರ ಮರುಪೂರಣ ಎಲ್ಲಿ ಸಿಗುತ್ತದೆ ಎಂದು ಕೇಳಿ. ಜುಲೈ ತಿಂಗಳ ಧಾರವಾಡದ ಗಾಳಿಯಲ್ಲಿ ಫಿಲ್ಟರ್ ಇಲ್ಲದೆ ತುಂಬಿದರೆ ಸಿಲಿಂಡರಿನೊಳಗೆ ನೀರು ಸೇರುತ್ತದೆ, ಒತ್ತಡ ಹದದಲ್ಲಿಡುವ ರೆಗ್ಯುಲೇಟರಿಗೆ ಮುಟ್ಟುತ್ತದೆ, ಕೊನೆಗೆ ಪೆಲೆಟ್ಟಿನ ವೇಗ ಒಂದೊಂದು ಹೊಡೆತಕ್ಕೆ ಒಂದೊಂದಾಗುತ್ತದೆ. ಗದಗಿನವರಿಗೆ ಈ ಕಾಟ ತುಸು ಕಡಿಮೆ.

ಸಿಲಿಂಡರಿನಷ್ಟು ದುಬಾರಿಯಲ್ಲದ, ಆದರೆ ಅದಕ್ಕಿಂತ ಹೆಚ್ಚು ಸಲ ಕೊಳ್ಳಬೇಕಾದ ಭಾಗ ಓ-ರಿಂಗ್, ಅಂದರೆ ಗಾಳಿ ಸೋರದಂತೆ ತಡೆಯುವ ರಬ್ಬರಿನ ಬಳೆ. ಕಂಪನಿಯ ಸೀಲ್ ಕಿಟ್‌ನ ಬೆಲೆ ಕೇಳಿದವರು ಬೇರಿಂಗ್ ಮತ್ತು ಆಯಿಲ್ ಸೀಲ್ ಅಂಗಡಿಗೆ ಹೋಗುವುದು ಸಹಜ. ಹೋಗಬಹುದು, ತಪ್ಪಿಲ್ಲ. ಆದರೆ ಹಳೆಯ ರಿಂಗನ್ನು ತೋರಿಸಿ ‘ಇಂಥಾದ್ದು ಕೊಡ್ರಿ’ ಅಂದರೆ ಕೆಲಸ ಕೆಟ್ಟಿತು. ಒತ್ತಡದಲ್ಲಿ ಇದ್ದು ಬಂದ ರಿಂಗು ಚಪ್ಪಟೆಯಾಗಿರುತ್ತದೆ, ಅದರ ಅಳತೆ ಸುಳ್ಳು ಹೇಳುತ್ತದೆ. ಕಂಪನಿಯ ಭಾಗಗಳ ನಕ್ಷೆಯಲ್ಲಿ ಒಳವ್ಯಾಸ ಗುಣಿಲೆ ದಪ್ಪ ಎಂದು ಬರೆದಿರುತ್ತದೆ, ಉದಾಹರಣೆಗೆ 10×2. ಅಂಗಡಿಯಲ್ಲಿ ಮಿಲಿಮೀಟರ್ ಸರಣಿಯ 2 ಮಿ.ಮೀ. ರಿಂಗೂ ಇರುತ್ತದೆ, ಇಂಚಿನ ಸರಣಿಯ 1.78 ಮಿ.ಮೀ. ರಿಂಗೂ ಇರುತ್ತದೆ. ಕೈಯಲ್ಲಿ ಹಿಡಿದರೆ ಎರಡೂ ಒಂದೇ. ಆದರೆ ರಿಂಗು ಕೂರುವ 1.5 ಮಿ.ಮೀ. ಆಳದ ತೋಡಿನಲ್ಲಿ 2ರ ರಿಂಗು ಕಾಲುಭಾಗ ಒತ್ತಿಕೊಂಡು ಕೂತರೆ, 1.78ರದು ಶೇ. 16ರಷ್ಟೇ ಒತ್ತುತ್ತದೆ. ಸಂಜೆ ಹಿಡಿದ ಗಾಳಿ ಬೆಳಿಗ್ಗೆ ಇರುವುದಿಲ್ಲ.

ಹೀಗಾಗಿ ಒಳ್ಳೆಯ ಅಂಗಡಿಯ ಗುರುತು ಕೌಂಟರ್ ಮೇಲೆ ಸೂಕ್ಷ್ಮ ಅಳತೆಯ ವರ್ನಿಯರ್ ಇರುವುದು. ಎರಡನೆಯದು, ರಬ್ಬರಿನ ಜಾತಿ ಮತ್ತು ಗಡಸುತನ ಹೇಳಬಲ್ಲವನಾಗಿರಬೇಕು: ನೈಟ್ರೈಲ್, ವೈಟಾನ್, ಪಾಲಿಯುರೆಥೇನ್, 70 ಶೋರ್, 90 ಶೋರ್. ನೀರಿನ ಪಂಪಿಗೆ ನಡೆಯುವ 70 ಶೋರ್ ನೈಟ್ರೈಲ್ 200 ಬಾರ್ ಒತ್ತಡದಲ್ಲಿ ಸಂದಿಯೊಳಗೆ ಹಿಂಡಿಕೊಂಡು ಅಂಚು ಕಚ್ಚಿಸಿಕೊಳ್ಳುತ್ತದೆ. ಹೆಚ್ಚಿನ ಒತ್ತಡದ ಬದಿಗೆ ಕಂಪನಿ 90 ಹೇಳಿದ್ದರೆ 90ನ್ನೇ ಹಾಕಿ. ಮೂರನೆಯದು, ರಿಂಗುಗಳನ್ನು ದಾರಕ್ಕೆ ಪೋಣಿಸಿ ಬಿಸಿಲಿಗೆ ತೂಗುಹಾಕಿದ ಅಂಗಡಿಯಲ್ಲಿ ಕೊಳ್ಳಬೇಡಿ. ಬೆರಳಿಂದ ಎಳೆದು ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಬಿರುಕು ಕಾಣುತ್ತದೆ. ಹಚ್ಚುವುದಕ್ಕೆ ಸಿಲಿಕಾನ್ ಗ್ರೀಸು, ಅದೂ ತೆಳ್ಳಗೆ. ಗಾಡಿಗೆ ಹಾಕುವ ಗ್ರೀಸನ್ನು ಜೊತೆಗೆ ಪುಕ್ಕಟೆ ಕೊಟ್ಟರೂ ಬೇಡ. ಇಷ್ಟೆಲ್ಲ ಹೇಳಿದರೂ ಒಂದು ಗೆರೆ ಇದೆ: ಹೊರಗಿನ ರಿಂಗ್ ಬದಲಿಸುವುದು ಮನೆಯ ಕೆಲಸ, ರೆಗ್ಯುಲೇಟರ್ ಮತ್ತು ಸಿಲಿಂಡರಿನ ವಾಲ್ವ್ ಬಿಚ್ಚುವುದು ಅಧಿಕೃತ ಸರ್ವಿಸಿನವರ ಕೆಲಸ. ಒತ್ತಡ ಇರುವಾಗ ವಾಲ್ವ್ ಸಡಿಲಿಸಿದರೆ ಅದು ಗುಂಡಿನ ಹಾಗೆ ಹಾರುತ್ತದೆ.

ಪೆಲೆಟ್ಟಿನ ಮಾತು. ದಿನಕ್ಕೆ 100 ಹೊಡೆತ, ವರ್ಷಕ್ಕೆ 250 ದಿನ ಎಂದರೆ 25,000 ಪೆಲೆಟ್ಟು, 500ರ 50 ಡಬ್ಬಿ. ರೈಫಲ್ ಒಮ್ಮೆ ಕೊಳ್ಳುತ್ತೀರಿ, ಪೆಲೆಟ್ಟಿನವನ ಜೊತೆ ವರ್ಷವಿಡೀ ಸಂಸಾರ. ಆರ್‌ಡಬ್ಲ್ಯೂಎಸ್, ಎಚ್ ಆ್ಯಂಡ್ ಎನ್, ಕ್ಯುವೈಎಸ್ ಯಾವುದೇ ಆಗಲಿ, ಡಬ್ಬಿಯ ಹಿಂದೆ ಬ್ಯಾಚ್ ಸಂಖ್ಯೆಯೂ ತಲೆಯ ಅಳತೆಯೂ ಇರುತ್ತವೆ: 4.49, 4.50, 4.51. ಒಂದೇ ಹೆಸರಿನ ಪೆಲೆಟ್ಟು ಬ್ಯಾಚ್ ಬದಲಾದರೆ ನಿಮ್ಮ ನಳಿಗೆಯಲ್ಲಿ ಬೇರೆಯೇ ವರ್ತಿಸುತ್ತದೆ. ನಂಬಬಹುದಾದ ಮಾರಾಟಗಾರ ಮೂರು-ನಾಲ್ಕು ಬ್ಯಾಚಿನ ಒಂದೊಂದು ಡಬ್ಬಿ ಕಳಿಸಿ, ನೀವು ಪರೀಕ್ಷೆ ಮಾಡಿ ಹೇಳುವವರೆಗೆ ಒಂದು ವಾರ ಆ ಬ್ಯಾಚನ್ನು ತೆಗೆದಿಡುತ್ತಾನೆ. ಆಮೇಲೆ ನೀವು ಹತ್ತಿಪ್ಪತ್ತು ಡಬ್ಬಿ ಒಟ್ಟಿಗೆ ಕೊಳ್ಳಿ. ಈ ಒಂದು ಸೌಲಭ್ಯಕ್ಕೆ ಡಬ್ಬಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಪರೀಕ್ಷೆ ಹೇಗೆ? ರೈಫಲನ್ನು ಗಟ್ಟಿಯಾದ ಹಿಡಿಕೆಯಲ್ಲಿ ಕೂರಿಸಿ, ಬ್ಯಾಚಿಗೆ 10 ಹೊಡೆತದ ಐದು ಗುಂಪು. ಗುರಿಪಟದಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಬರೀ 0.5 ಮಿ.ಮೀ., ಪೆಲೆಟ್ಟಿನದು 4.5. ಆದ್ದರಿಂದ ಪೆಲೆಟ್ಟಿನ ನಡುಬಿಂದು ಗುರಿಯ ನಡುವಿನಿಂದ 2.5 ಮಿ.ಮೀ. ಒಳಗೆ ಬಿದ್ದರೆ ಹತ್ತು. ರೈಫಲ್ ಕಟ್ಟಿಹಾಕಿದಾಗಲೇ ಗುಂಪಿನ ಹರವು ಇದರ ಅರ್ಧಕ್ಕಿಂತ ಹೆಚ್ಚು ತಿಂದರೆ ಮಗುವಿನ ಕೈ ನಡುಗಲು ಜಾಗವೇ ಉಳಿಯಲಿಲ್ಲ. ನಕಲಿ ಡಬ್ಬಿಯ ಅನುಮಾನವಿದ್ದರೆ 50 ಪೆಲೆಟ್ಟು ಒಂದೊಂದಾಗಿ ತೂಗಿ. 0.01 ಗ್ರಾಂ ತೋರಿಸುವ ತಕ್ಕಡಿ ಸಾಲದು, ಬಂಗಾರದ ಅಂಗಡಿಯಲ್ಲಿರುವ 0.001 ಗ್ರಾಮಿನದು ಬೇಕು. ಒಳ್ಳೆ ಡಬ್ಬಿಯಲ್ಲಿ ಬಹುಪಾಲು 0.53ರ ಆಜುಬಾಜು ಶೇ. 1ರೊಳಗೆ ಇರುತ್ತವೆ. ಪೆಲೆಟ್ಟಿನ ಹಿಂಬದಿಯ ಲಂಗದ ಅಂಚು ನೆಗ್ಗಿದ್ದು ಹೆಚ್ಚಿದ್ದರೆ ಕೊರಿಯರ್ ಎಸೆದಾಡಿದ್ದೂ ಇರಬಹುದು. ಬಿಳಿ ಪುಡಿ ಕಟ್ಟಿದ್ದರೆ ಗೋದಾಮಿನಲ್ಲಿ ತೇವ ಹಿಡಿದ ಹಳೆಯ ಮಾಲು. ಸೀಸ ಮುಟ್ಟಿದ ಕೈ ತೊಳೆಯದೆ ಗಿರಮಿಟ್ಟಿಗೆ ಕೈ ಹಾಕಬೇಡಿ ಎಂದು ಮಕ್ಕಳಿಗೆ ದಿನಾ ಹೇಳಿ.

ಉಳಿದ ಭಾಗಗಳಲ್ಲಿ ತಲೆಕೆಡಿಸಿಕೊಳ್ಳುವಂಥದ್ದು ಕಡಿಮೆ. ಮುಂದಿನ ಸೈಟಿನ (ಗುರಿ ನೋಡುವ ಸಾಧನದ) ರಿಂಗ್ ತರಿಸುವಾಗ ನಿಮ್ಮ ಸೈಟಿನ ಕೊಳವೆ 18 ಮಿ.ಮೀ. ಜಾತಿಯದೋ 22ರದೋ ಹೇಳಬೇಕು. ತೂಕದ ತುಂಡು, ಕೆನ್ನೆಯ ಹಲಗೆ, ಬಟ್ ಪ್ಲೇಟ್ ಏನೇ ಸೇರಿಸಿದರೂ ಒಟ್ಟು 5.5 ಕೆ.ಜಿ. ದಾಟಬಾರದು. ನಳಿಗೆಯ ತುದಿಗೆ ಹಾಕುವ ಉದ್ದನೆ ಕೊಳವೆ ಮಾರುವವನಿಗೆ 850 ಮಿ.ಮೀ. ನಿಯಮ ಗೊತ್ತಿದೆಯೇ ಕೇಳಿ: ಯಂತ್ರಭಾಗದ ಹಿಂದಿನ ತುದಿಯಿಂದ ಕಾಣುವ ಬಾಯಿಯವರೆಗಿನ ಗರಿಷ್ಠ ಉದ್ದ ಅದು. ಎಲೆಕ್ಟ್ರಾನಿಕ್ ಟ್ರಿಗರನ್ನು ಮಾತ್ರ ಬಿಡಿಯಾಗಿ, ಕೈದಾಟಿ ಬಂದದ್ದನ್ನು ಕೊಳ್ಳಬೇಡಿ. ಇಡೀ ರೈಫಲನ್ನೇ ಹಳೆಯದು ಕೊಳ್ಳುವವರು ಮೊದಲ ಬಿಲ್ಲು, ಆಮದಿನ ಕಾಗದ, ಮಾರುವವರ ಸಹಿಯ ಪತ್ರ ಮೂರೂ ತೆಗೆದುಕೊಳ್ಳಿ. ಕ್ರೀಡಾ ರಿಯಾಯಿತಿಯಲ್ಲಿ ಬಂದ ಮಾಲಾಗಿದ್ದರೆ ಮರುಮಾರಾಟಕ್ಕೆ ಷರತ್ತು ಇರಬಹುದು.

ಈಗ ಹಿಂದಿನ ಸಾಲಿನವರಿಗೆ. ಬೆಳೆ ಕಾಯಲು ಲೈಸೆನ್ಸ್ ಪಡೆದ ನಳಿಗೆ ಬಂದೂಕು, ಹನ್ನೆರಡು ಬೋರ್, ಇಶಾಪುರದ ಕಾರ್ಖಾನೆಯ .315 ರೈಫಲ್ ಇವಕ್ಕೆಲ್ಲ ಮೇಲೆ ಹೇಳಿದ ಬೇರಿಂಗ್ ಅಂಗಡಿಯ ದಾರಿ ಇಲ್ಲವೇ ಇಲ್ಲ. ಕುದುರೆ ಸವೆದರೂ, ಸ್ಪ್ರಿಂಗ್ ಮುರಿದರೂ ಲೈಸೆನ್ಸ್ ಇರುವ ಡೀಲರ್ ಕಡೆಗೇ ಹೋಗಬೇಕು. ಕಾಯ್ದೆಯ 5ನೇ ಕಲಮು ಮಾರಾಟಕ್ಕೂ ರಿಪೇರಿಗೂ ಪರವಾನಗಿ ಕೇಳುತ್ತದೆ. ಮಾರಾಟದ ಪರವಾನಗಿ ಇದ್ದ ಮಾತ್ರಕ್ಕೆ ರಿಪೇರಿಯೂ ಮಾಡಬಹುದು ಎಂದುಕೊಳ್ಳದೆ, ಗೋಡೆಯ ಮೇಲಿನ ಕಾಗದದಲ್ಲಿ ಯಾವ ಕೆಲಸ, ಯಾವ ವಿಳಾಸ, ಯಾವ ದಿನಾಂಕದವರೆಗೆ ಎಂದು ಓದಿ. ಓದಲು ಬಿಡದ ಅಂಗಡಿ ಬಿಟ್ಟುಬನ್ನಿ. ಊರಿನ ಕಮ್ಮಾರ ಎಷ್ಟೇ ಕುಶಲಿಯಾಗಿರಲಿ, ಅವನಿಂದ ಮಾಡಿಸಿದರೆ ಅವನೂ ಸಿಕ್ಕಿಬೀಳುತ್ತಾನೆ, ನೀವೂ ಸಿಕ್ಕಿಬೀಳುತ್ತೀರಿ. ನಳಿಗೆ ಕತ್ತರಿಸಿ ಗಿಡ್ಡ ಮಾಡುವುದು 6ನೇ ಕಲಮಿನ ವಿಷಯ. ಗುರುತಿನ ಸಂಖ್ಯೆ ಇಲ್ಲದ ಬಂದೂಕನ್ನು ಮಾರುವುದಕ್ಕೆ 8ನೇ ಕಲಮಿನಲ್ಲಿ ತಡೆ ಇದೆ.

ರಿಪೇರಿಗೆ ಬಿಡುವಾಗ ರಸೀದಿಯಲ್ಲಿ ಬಂದೂಕಿನ ಸಂಖ್ಯೆ, ಬೋರ್, ಬಿಟ್ಟ ದಿನ, ಯಾವ ಭಾಗ ಬದಲು ಎಂಬುದೆಲ್ಲ ಬರೆಸಿ, ತೆಗೆದ ಹಳೆಯ ಭಾಗ ಏನಾಯಿತು ಎಂದೂ ಬರೆಸಿ. ಚುನಾವಣೆ ಬಂದಾಗ ಬಂದೂಕನ್ನು ಠೇವಣಿ ಇಡುವ ಸಮಯದಲ್ಲೂ ಇದೇ ರಸೀದಿಯ ಶಿಸ್ತು ಕೆಲಸಕ್ಕೆ ಬರುತ್ತದೆ. ಕೊಡುವ ಮೊದಲು ಎಣ್ಣೆ ಒರೆಸಿ, ಸ್ಥಿತಿಯ ಫೋಟೊ ತೆಗೆದಿಡಿ. ಮಳೆಗಾಲ ಕಳೆದು ವಾಪಸ್ ಬಂದಾಗ ತುಕ್ಕು ಹಳೆಯದೋ ಹೊಸದೋ ಎಂಬ ವಾದ ತಪ್ಪುತ್ತದೆ.

ಕೊನೆಗೆ ದುಡ್ಡು ಮತ್ತು ಪಾರ್ಸೆಲ್. ಹೊಸ ಮಾರಾಟಗಾರನ ಬಳಿ ಮೊದಲ ಸಲ ಸೀಲ್ ಕಿಟ್ಟಿನಂಥ ಸಣ್ಣ ಮಾಲು ತರಿಸಿ. ಬಿಲ್ಲು ಹೇಳಿದಂತೆ ಬಂತೇ, ಪ್ಯಾಕಿಂಗ್ ಹೇಗಿತ್ತು, ಬೇಕೆಂದೇ ಒಂದು ಪ್ರಶ್ನೆ ಕೇಳಿದರೆ ಎಷ್ಟು ದಿನಕ್ಕೆ ಉತ್ತರ ಬಂತು, ನೋಡಿ. ಸಿಲಿಂಡರು ಆಮೇಲೆ. ಮುಂಗಡ ಪೂರ್ತಿ ಕೇಳಿದರೆ, ವಾಪಸಾತಿಯ ಷರತ್ತನ್ನು ಬರಹದಲ್ಲಿ ತರಿಸಿಕೊಳ್ಳದೆ ಹಾಕಬೇಡಿ. ದುಡ್ಡು ಹಾಕಿದ ಮೇಲೆ ಅವನ ನಂಬರ್ ಬಂದ್ ಆಯಿತೆಂದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮಾಲು ಕೆಟ್ಟದ್ದು, ಬದಲಿಸುತ್ತಿಲ್ಲ ಎಂಬ ತಕರಾರಿಗೆ ಗ್ರಾಹಕ ಸಹಾಯವಾಣಿ 1915. ಅಂಗಡಿ ದೆಹಲಿಯಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ದೆಹಲಿಗೆ ಅಲೆಯಬೇಕಿಲ್ಲ.

ಪಾರ್ಸೆಲ್ ಬಿಚ್ಚುವಾಗ ಫೋನಿನಲ್ಲಿ ವಿಡಿಯೊ ಮಾಡಿ: ಮೊದಲು ಹೊರಗಿನ ಚೀಟಿ, ಆಮೇಲೆ ಟೇಪು ಹರಿದಿಲ್ಲದ್ದು, ಆಮೇಲೆ ಸರಣಿ ಸಂಖ್ಯೆ, ಎಲ್ಲ ಒಂದೇ ಓಟದಲ್ಲಿ, ನಡುವೆ ನಿಲ್ಲಿಸದೆ. ಸಿಲಿಂಡರ್ ಬಂದಿದ್ದರೆ ಮುಳ್ಳು ನೋಡಿ. ಖಾಲಿ ಬರಬೇಕು. ತುಂಬಿಸಿಯೇ ಕೊರಿಯರಿಗೆ ಹಾಕಿದವನಾಗಿದ್ದರೆ, ಆ ಸಿಲಿಂಡರ್ ಚೆನ್ನಾಗಿದ್ದರೂ, ಅವನ ಹತ್ತಿರ ಎರಡನೆಯದು ಕೊಳ್ಳಬೇಡಿ.